ಒಬ್ಬ ಆಟಗಾರ, ಆರು ವಿಂಡೋ

ಐಸ್‌ಲ್ಯಾಂಡಿನ ಸಿಸಿಪಿ ಗೇಮ್ಸ್ ಸಂಸ್ಥೆ 2003ರ ಮೇ ತಿಂಗಳಲ್ಲಿ ಬಿಡುಗಡೆ ಮಾಡಿದ ‘ಈವ್ ಆನ್‌ಲೈನ್’ ಎಂಬ ಬಾಹ್ಯಾಕಾಶದ ಆಟದಲ್ಲಿ ಈ ದೃಶ್ಯ ತೀರಾ ಸಾಮಾನ್ಯ. ಕ್ಷುದ್ರಗ್ರಹಗಳ ನಡುವೆ ಐದು ಹಡಗುಗಳು ಅದಿರು ತೆಗೆಯುತ್ತಿರುತ್ತವೆ. ಪಕ್ಕದಲ್ಲೇ ‘ಓರ್ಕಾ’ ಎಂಬ ದೊಡ್ಡ ಹಡಗು ನಿಂತು ಅವುಗಳ ಕೆಲಸಕ್ಕೆ ಬಲ ಕೊಡುತ್ತದೆ, ಅವು ತೆಗೆದ ಅದಿರನ್ನು ತನ್ನ ಉಗ್ರಾಣದಲ್ಲಿ ತುಂಬಿಕೊಳ್ಳುತ್ತದೆ. ಆರು ಹಡಗು, ಆರು ಖಾತೆ, ಆರು ವಿಂಡೋ. ಅವನ್ನೆಲ್ಲ ನಡೆಸುವವರು ಮಾತ್ರ ಒಬ್ಬರೇ, ಅದೂ ಒಂದೇ ಕಂಪ್ಯೂಟರಿನಲ್ಲಿ. ಆಟಗಾರರು ಇದನ್ನು ಮಲ್ಟಿಬಾಕ್ಸಿಂಗ್ ಎನ್ನುತ್ತಾರೆ.

ಅಭ್ಯಾಸ ಹಳೆಯದು. 1999ರಲ್ಲಿ ಬಂದ ‘ಎವರ್‌ಕ್ವೆಸ್ಟ್’ ಆಡುತ್ತಿದ್ದವರಲ್ಲಿ ಕೆಲವರು ಮೇಜಿನ ಮೇಲೆ ಎರಡು ಕಂಪ್ಯೂಟರ್ ಜೋಡಿಸಿಟ್ಟುಕೊಂಡು, ಒಂದರಲ್ಲಿ ಕಾದಾಡುವ ಪಾತ್ರವನ್ನೂ ಇನ್ನೊಂದರಲ್ಲಿ ಗಾಯ ವಾಸಿಮಾಡುವ ಪಾತ್ರವನ್ನೂ ನಡೆಸುತ್ತಿದ್ದರು. 2004ರ ನವೆಂಬರಿನಲ್ಲಿ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಬಂದ ಮೇಲೆ ಐದು ಜನರ ಇಡೀ ತಂಡವನ್ನು ಒಬ್ಬರೇ ಆಡಿಸುವವರೂ ಕಾಣಿಸಿಕೊಂಡರು. ಈಗ ಎರಡನೆಯ ಕಂಪ್ಯೂಟರ್ ಬೇಕಾಗಿಲ್ಲ. ಮಧ್ಯಮ ದರ್ಜೆಯ ಡೆಸ್ಕ್‌ಟಾಪ್‌ಗೂ ಹಲವು ವಿಂಡೋಗಳನ್ನು ಹೊರುವ ಶಕ್ತಿಯಿದೆ. ಹಾಗಿದ್ದರೂ ಮೂರನೆಯ ವಿಂಡೋ ತೆರೆಯುವಷ್ಟರಲ್ಲಿ ಫ್ಯಾನ್ ಕಿರುಚುತ್ತದೆ, ಮೌಸ್ ತಡವರಿಸುತ್ತದೆ, ಚಿತ್ರ ಜಗ್ಗುತ್ತದೆ. ಆಟಗಾರರು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಗ್ರಾಫಿಕ್ಸ್ ಕಾರ್ಡಿನ ಬೆಲೆ ವಿಚಾರಿಸಲು ಹೊರಡುವುದು ಆಗಲೇ.

ಹಣ ಬಿಚ್ಚುವ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ: ಈ ಯಂತ್ರ ಅಷ್ಟೊಂದು ದುಡಿಯುತ್ತಿರುವುದು ಯಾರಿಗಾಗಿ?

ಆನ್‌ಲೈನ್ ಆಟದ ಕ್ಲೈಂಟ್, ಅಂದರೆ ಆಟಗಾರರ ಕಂಪ್ಯೂಟರಿನಲ್ಲಿ ಓಡುವ ಪ್ರೋಗ್ರಾಮ್, ಒಂದೇ ಸುತ್ತನ್ನು ಮತ್ತೆ ಮತ್ತೆ ಸುತ್ತುತ್ತದೆ. ಕೀಬೋರ್ಡ್ ಮತ್ತು ಮೌಸಿನಿಂದ ಏನು ಬಂತು ಎಂದು ನೋಡುತ್ತದೆ, ಸರ್ವರ್ ಕಳಿಸಿದ ಸುದ್ದಿಯನ್ನು ಓದುತ್ತದೆ, ಯಾವ ವಸ್ತು ಎಲ್ಲಿದೆ ಎಂದು ಲೆಕ್ಕ ಹಾಕುತ್ತದೆ, ಕೊನೆಗೆ ಚಿತ್ರ ಬರೆಯುತ್ತದೆ. ಹೀಗೆ ಬರೆದ ಒಂದು ಚಿತ್ರವೇ ಒಂದು ಫ್ರೇಮ್. ಸೆಕೆಂಡಿಗೆ 60 ಫ್ರೇಮ್ ಬೇಕೆಂದರೆ ಇಡೀ ಸುತ್ತು 16.7 ಮಿಲಿಸೆಕೆಂಡಿನಲ್ಲಿ ಮುಗಿಯಬೇಕು. ನಾಲ್ಕು ಹಂತಗಳಲ್ಲಿ ಯಂತ್ರವನ್ನು ಹೆಚ್ಚು ದಣಿಸುವುದು ಕೊನೆಯದು. ಕಣ್ಣಿಗೆ ಚಲನೆ ನುಣುಪಾಗಿ ಕಾಣಲಿ ಎಂಬುದಷ್ಟೇ ಅದರ ಉದ್ದೇಶ.

ಆಟದ ಲೋಕ ನಿಜವಾಗಿ ಬದಲಾಗುವ ವೇಗ ಬೇರೆ. ಈವ್‌ನ ಸರ್ವರ್ ಹಡಗುಗಳ ಚಲನೆಯನ್ನು ಲೆಕ್ಕ ಹಾಕುವುದು ಸೆಕೆಂಡಿಗೆ ಒಂದೇ ಸಲ. ‘ಓಲ್ಡ್ ಸ್ಕೂಲ್ ರೂನ್‌ಸ್ಕೇಪ್’ನಲ್ಲಿ 0.6 ಸೆಕೆಂಡಿಗೆ ಒಮ್ಮೆ, ‘ಮೈನ್‌ಕ್ರಾಫ್ಟ್’ನಲ್ಲಿ ಸೆಕೆಂಡಿಗೆ 20 ಸಲ. ಆಟಗಾರರು ಈ ಬಡಿತವನ್ನು ಟಿಕ್ ಎನ್ನುತ್ತಾರೆ. ಎರಡು ಟಿಕ್‌ಗಳ ನಡುವೆ ಕ್ಲೈಂಟ್ ಬರೆಯುವ ಹತ್ತಾರು ಚಿತ್ರಗಳು ಇಲ್ಲಿಂದ ಅಲ್ಲಿಗೆ ಹೋದ ಹಡಗಿನ ದಾರಿಯನ್ನು ತುಂಬಿ ತೋರಿಸುವ ಚಿತ್ರಗಳು. ಆಟಗಾರರ ಗಮನವಿರುವ ವಿಂಡೋಗೆ ಅವು ಬೇಕೇ ಬೇಕು. ಹಿಂದೆ ಮರೆಯಾಗಿರುವ ಐದು ವಿಂಡೋಗಳಿಗೂ ಅಷ್ಟೇ ಚಿತ್ರ ಬರೆಯುವುದೆಂದರೆ, ಯಾರೂ ಕೂರದ ಎಲೆಗಳಿಗೆ ಪಂಕ್ತಿಯುದ್ದಕ್ಕೂ ಬಡಿಸುತ್ತ ಹೋದಂತೆ.

ಲೆಕ್ಕ ಹಾಕಿದರೆ ಎಷ್ಟು ಶಕ್ತಿ ಪೋಲಾಗುತ್ತಿದೆ ಎಂಬುದು ತಿಳಿಯುತ್ತದೆ. 1920×1080 ಅಳತೆಯ ಒಂದು ಫ್ರೇಮಿನಲ್ಲಿ ಸುಮಾರು 20 ಲಕ್ಷ 74 ಸಾವಿರ ಪಿಕ್ಸೆಲ್‌ಗಳಿರುತ್ತವೆ. ಆರು ವಿಂಡೋಗಳು ತಲಾ 60 ಫ್ರೇಮ್ ಬರೆದರೆ ಸೆಕೆಂಡಿಗೆ 360 ಫ್ರೇಮ್, ಅಂದರೆ ಸುಮಾರು 74 ಕೋಟಿ 65 ಲಕ್ಷ ಪಿಕ್ಸೆಲ್. ಮುಂದಿನ ವಿಂಡೋವನ್ನು 60ಕ್ಕೇ ಬಿಟ್ಟು, ಹಿಂದಿನ ಐದನ್ನು 640×360 ಅಳತೆಗೆ ಕುಗ್ಗಿಸಿ 20 ಫ್ರೇಮಿಗೆ ಕಟ್ಟಿಹಾಕಿದರೆ ಆ ಮೊತ್ತ 14 ಕೋಟಿ 75 ಲಕ್ಷಕ್ಕೆ ಇಳಿಯುತ್ತದೆ. ಐದರಲ್ಲಿ ನಾಲ್ಕು ಪಾಲು ಕೆಲಸ ಮಾಯ! ಮುಂದಿನ ವಿಂಡೋದ ಅಂದ ಎಳ್ಳಷ್ಟೂ ಕೆಡುವುದಿಲ್ಲ, ಕಿಸೆಯಿಂದ ಒಂದು ರೂಪಾಯಿಯೂ ಹೋಗುವುದಿಲ್ಲ.

ಈ ಲೆಕ್ಕದಲ್ಲಿ ಎರಡು ಭಾಗಗಳಿವೆ, ಅವನ್ನು ಬೇರೆ ಬೇರೆಯಾಗಿ ನೋಡಬೇಕು. ವಿಂಡೋದ ಅಳತೆ ಕುಗ್ಗಿಸಿದರೆ ಹಗುರಾಗುವುದು ಗ್ರಾಫಿಕ್ಸ್ ಕಾರ್ಡಿನ ಹೊರೆ ಮಾತ್ರ. ಹಡಗು ಎಲ್ಲಿದೆ, ಯಾವ ವಸ್ತುವನ್ನು ಬರೆಯಬೇಕು ಎಂದು ಪ್ರತಿ ಫ್ರೇಮಿನಲ್ಲೂ ಕಾರ್ಡಿಗೆ ಆದೇಶ ಕೊಡುವುದು ಪ್ರೊಸೆಸರ್. ಚಿತ್ರ ಚಿಕ್ಕದಾದರೂ ದೊಡ್ಡದಾದರೂ ಅದರ ಪಾಲಿನ ದುಡಿಮೆ ಹೆಚ್ಚುಕಡಿಮೆ ಅಷ್ಟೇ. ಫ್ರೇಮುಗಳ ಸಂಖ್ಯೆಗೆ ಮಿತಿ ಹಾಕಿದರೆ ಮಾತ್ರ ಎರಡರ ಹೊರೆಯೂ ಇಳಿಯುತ್ತದೆ. ಆದ್ದರಿಂದ ಮೊದಲು ಮಾಡಬೇಕಾದದ್ದು ಫ್ರೇಮ್ ಮಿತಿ.

ಅದಕ್ಕೆ ದಾರಿಗಳು ಹಲವು. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನಲ್ಲಿ ಹಿನ್ನೆಲೆಯ ವಿಂಡೋಗೆ ಪ್ರತ್ಯೇಕ ಮಿತಿ ಹಾಕುವ ಸೆಟ್ಟಿಂಗ್ ಆಟದೊಳಗೇ ಇದೆ. ಎನ್‌ವಿಡಿಯಾ ಕಾರ್ಡ್ ಇರುವವರಿಗೆ ಅದರ ಕಂಟ್ರೋಲ್ ಪ್ಯಾನೆಲ್‌ನಲ್ಲಿ ‘ಬ್ಯಾಕ್‌ಗ್ರೌಂಡ್ ಅಪ್ಲಿಕೇಶನ್ ಮ್ಯಾಕ್ಸ್ ಫ್ರೇಮ್ ರೇಟ್’ ಎಂಬ ಆಯ್ಕೆ ಸಿಗುತ್ತದೆ. ಯಾವ ವಿಂಡೋ ಮುಂದಿದೆಯೋ ಅದನ್ನು ಬಿಟ್ಟು ಉಳಿದವನ್ನು ಅದು ತಾನಾಗಿ ನಿಧಾನಗೊಳಿಸುತ್ತದೆ. ವಿಂಡೋ ಬದಲಾಯಿಸಿದ ಕ್ಷಣ ಮಿತಿಯೂ ಬದಲಾಗುತ್ತದೆ. ಎಎಮ್‌ಡಿ ಕಾರ್ಡ್‌ಗಳಲ್ಲಿರುವ ‘ರೇಡಿಯಾನ್ ಚಿಲ್’ ಆಟಗಾರರ ಕೈ ಆಡದೆ ಇರುವಾಗ ಫ್ರೇಮ್ ಇಳಿಸಿ, ಕೈ ಆಡಿದಾಗ ಏರಿಸುತ್ತದೆ. ಬಹಳ ಜನ ಬಳಸುವ ರಿವಾಟ್ಯೂನರ್ ಎಂಬ ಉಪಕರಣದಲ್ಲಿ ಒಂದು ತೊಡಕಿದೆ. ಅದು ಮಿತಿ ಹಾಕುವುದು ಪ್ರೋಗ್ರಾಮಿನ ಹೆಸರು ನೋಡಿ. ಈವ್‌ನ ಆರೂ ಕ್ಲೈಂಟ್‌ಗಳ ಹೆಸರು ಒಂದೇ ಆಗಿರುವುದರಿಂದ ಮುಂದಿನದಕ್ಕೂ ಹಿಂದಿನದಕ್ಕೂ ಒಂದೇ ಮಿತಿ ಬೀಳುತ್ತದೆ.

ವಿ-ಸಿಂಕ್ ಹಾಕಿದ್ದೇವೆ, ಅಷ್ಟು ಸಾಕು ಎಂದುಕೊಳ್ಳುವವರಿದ್ದಾರೆ. ವಿ-ಸಿಂಕ್ ಫ್ರೇಮುಗಳನ್ನು ಮಾನಿಟರಿನ ವೇಗಕ್ಕೆ ಹೊಂದಿಸುತ್ತದೆಯೇ ಹೊರತು ಅದಕ್ಕಿಂತ ಕೆಳಗೆ ಇಳಿಸುವುದಿಲ್ಲ. 144 ಹರ್ಟ್ಸ್‌ನ ಮಾನಿಟರಿನಲ್ಲಿ ಆರು ವಿಂಡೋ ಎಂದರೆ ಸೆಕೆಂಡಿಗೆ 864 ಫ್ರೇಮಿನವರೆಗೂ ಯಂತ್ರ ಏಗಬೇಕಾಗುತ್ತದೆ.

ಈವ್‌ನಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಹುದು. ಕಂಟ್ರೋಲ್, ಶಿಫ್ಟ್ ಮತ್ತು ಎಫ್9 ಕೀಗಳನ್ನು ಒಟ್ಟಿಗೆ ಒತ್ತಿದರೆ ಆ ವಿಂಡೋದ ಮೂರು ಆಯಾಮದ ಚಿತ್ರ ಪೂರ್ತಿ ನಿಲ್ಲುತ್ತದೆ. ಹಡಗುಗಳ ಪಟ್ಟಿ, ಗುಂಡಿಗಳು, ಉಗ್ರಾಣ ಎಲ್ಲ ಹಾಗೇ ಉಳಿಯುತ್ತವೆ. ಅದಿರು ತೆಗೆಯುವ ಹಡಗಿಗೆ ನಕ್ಷತ್ರಪುಂಜದ ಸೊಬಗು ಬೇಕಿಲ್ಲ, ಪಟ್ಟಿಯಿದ್ದರೆ ಸಾಕು. ವಿಂಡೋದಿಂದ ವಿಂಡೋಗೆ ದಾಟುವುದಕ್ಕೆ ‘ಈವ್-ಓ ಪ್ರಿವ್ಯೂ’ ಎಂಬ ಮುಕ್ತ ತಂತ್ರಾಂಶವಿದೆ. ವಿಂಡೋಸ್ ಹೇಗೂ ಸಿದ್ಧಪಡಿಸಿಟ್ಟಿರುವ ಚಿತ್ರವನ್ನೇ ಚಿಕ್ಕದಾಗಿ ತೋರಿಸುವ ಉಪಾಯ ಅದರದು. ಫುಲ್‌ಸ್ಕ್ರೀನ್ ಬದಲು ಅಂಚಿಲ್ಲದ ವಿಂಡೋ ರೂಪದಲ್ಲಿ ಆಟ ಓಡಿಸಿದರೆ ದಾಟುವಾಗ ಪರದೆ ಕಪ್ಪಾಗಿ ತಡೆಯುವ ಕಾಟವೂ ತಪ್ಪುತ್ತದೆ.

ಫ್ರೇಮ್ ಮಿತಿಯಿಂದ ಬಗೆಹರಿಯದ ಸಂಗತಿ ಮೆಮೊರಿ. ವಿಂಡೋ ನಿಧಾನವಾದರೂ ಅದು ಹಿಡಿದುಕೊಂಡ ಜಾಗ ಬಿಡುವುದಿಲ್ಲ. ಒಂದೇ ಫೋಲ್ಡರಿನಿಂದ ಆರು ಕ್ಲೈಂಟ್ ತೆರೆದಾಗ ಪ್ರೋಗ್ರಾಮಿನ ಕೋಡನ್ನು ವಿಂಡೋಸ್ ಒಂದೇ ಸಲ ರ‍್ಯಾಮಿಗೆ ತಂದು ಎಲ್ಲರಿಗೂ ಹಂಚುತ್ತದೆ. ಆಟದ ಮಾಹಿತಿ ಮಾತ್ರ ಪ್ರತಿ ಕ್ಲೈಂಟಿಗೂ ಪ್ರತ್ಯೇಕ. ರ‍್ಯಾಮ್ ತುಂಬಿತೆಂದರೆ ವಿಂಡೋಸ್ ಸದ್ಯಕ್ಕೆ ಬೇಡದ ‘ಪುಟ’ಗಳನ್ನು, ಅಂದರೆ ಮೆಮೊರಿಯ ತುಣುಕುಗಳನ್ನು, ಡಿಸ್ಕಿನ ಪೇಜ್ ಫೈಲಿಗೆ ಸಾಗಿಸುತ್ತದೆ. ರ‍್ಯಾಮಿನಿಂದ ಮಾಹಿತಿ ತರಲು ಸುಮಾರು 100 ನ್ಯಾನೊಸೆಕೆಂಡ್ ಸಾಕು. ಒಳ್ಳೆಯ ಎಸ್‌ಎಸ್‌ಡಿಯಿಂದ ತರಲು ಅದರ ನೂರಾರು ಪಟ್ಟು ಹೊತ್ತು ಬೇಕು. ತಿರುಗುವ ಹಾರ್ಡ್ ಡಿಸ್ಕಿನಿಂದಾದರೆ ಸುಮಾರು ಲಕ್ಷ ಪಟ್ಟು. ಬಹಳ ಹೊತ್ತು ಮುಟ್ಟದ ವಿಂಡೋಗೆ ದಾಟಿದಾಗ ಎರಡು ಮೂರು ಸೆಕೆಂಡ್ ಎಲ್ಲ ಸ್ತಬ್ಧವಾಗುವುದು ಬಹಳ ಸಲ ಇದರಿಂದಲೇ.

ಎಷ್ಟು ರ‍್ಯಾಮ್ ಬೇಕು ಎಂಬುದಕ್ಕೆ ಎಲ್ಲರಿಗೂ ಒಪ್ಪುವ ಅಂಕಿಯಿಲ್ಲ, ಆದರೆ ಅಳೆಯುವ ವಿಧಾನ ಸುಲಭ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು, ಒಂದು ಕ್ಲೈಂಟ್ ಓಡುವಾಗ ಬಳಕೆ ಎಷ್ಟು, ಎರಡನೆಯದು ಸೇರಿದ ಮೇಲೆ ಎಷ್ಟು ಎಂದು ಬರೆದುಕೊಳ್ಳಬೇಕು. ಎರಡರ ನಡುವಿನ ವ್ಯತ್ಯಾಸವೇ ಹೊಸದಾಗಿ ಸೇರುವ ಪ್ರತಿ ವಿಂಡೋದ ಬೆಲೆ. ಅದನ್ನು ವಿಂಡೋಗಳ ಸಂಖ್ಯೆಯಿಂದ ಗುಣಿಸಿ, ವಿಂಡೋಸಿಗೂ ಬ್ರೌಸರಿಗೂ ಒಂದಿಷ್ಟು ಜಾಗ ಸೇರಿಸಿದರೆ ಉತ್ತರ ಸಿಕ್ಕಿತು. ಆಟ ಶುರುವಾದ ಕೂಡಲೇ ಅಳೆಯುವುದಕ್ಕಿಂತ ಒಂದು ಗಂಟೆ ಆಡಿದ ಮೇಲೆ ಅಳೆದರೆ ಲೆಕ್ಕ ಹೆಚ್ಚು ನಂಬಿಕಸ್ಥ.

ರ‍್ಯಾಮ್ ಖಾಲಿ ಮಾಡಿಕೊಡುತ್ತೇವೆ ಎಂದು ಹೇಳಿಕೊಳ್ಳುವ ‘ಬೂಸ್ಟರ್’ ತಂತ್ರಾಂಶಗಳಿಂದ ಇಲ್ಲಿ ಲಾಭಕ್ಕಿಂತ ನಷ್ಟವೇ ಹೆಚ್ಚು. ಓಡುತ್ತಿರುವ ಪ್ರೋಗ್ರಾಮುಗಳ ಕೈಯಲ್ಲಿರುವ ಪುಟಗಳನ್ನು ಅವು ಬಲವಂತವಾಗಿ ಕಿತ್ತು ಹೊರಗೆ ಹಾಕುತ್ತವೆ. ಪರದೆಯ ಮೇಲೆ ಖಾಲಿ ಜಾಗದ ಅಂಕಿ ಏರುತ್ತದೆ, ಮರುಕ್ಷಣವೇ ಆಟ ಅದೇ ಪುಟಗಳನ್ನು ವಾಪಸು ಕೇಳುತ್ತದೆ. ಖಾಲಿ ಬಿದ್ದಿರುವ ರ‍್ಯಾಮಿನಿಂದ ಆಟಕ್ಕೆ ಯಾವ ವೇಗವೂ ಬರುವುದಿಲ್ಲ.

ಗ್ರಾಫಿಕ್ಸ್ ಕಾರ್ಡಿಗೂ ತನ್ನದೇ ಮೆಮೊರಿ ಇದೆ. ವಸ್ತುಗಳ ಮೇಲ್ಮೈಗೆ ಅಂಟಿಸುವ ಟೆಕ್ಸ್ಚರ್ ಚಿತ್ರಗಳು ಅದರಲ್ಲಿ ಕೂರುತ್ತವೆ. ಒಂದೇ ಹಡಗಿನ ಚಿತ್ರವಾದರೂ ಆರು ಕ್ಲೈಂಟ್‌ಗಳು ಆರು ಪ್ರತಿ ಇಟ್ಟುಕೊಳ್ಳುತ್ತವೆ. ಜಾಗ ಸಾಲದಾದಾಗ ಚಿತ್ರಗಳು ಮದರ್‌ಬೋರ್ಡಿನ ರ‍್ಯಾಮಿಗೆ ಉಕ್ಕಿ ಹರಿಯುತ್ತವೆ, ಅಲ್ಲಿಂದ ಪಿಸಿಐಇ ದಾರಿಯಲ್ಲಿ ಬರಬೇಕಾಗುತ್ತದೆ. ಆರ್‌ಟಿಎಕ್ಸ್ 3060 ಕಾರ್ಡಿನ 12 ಜಿಬಿ ಮಾದರಿಗೆ ತನ್ನ ಮೆಮೊರಿಯಿಂದ ಸೆಕೆಂಡಿಗೆ 360 ಜಿಬಿ ಸಿಗುತ್ತದೆ. ಹೊರಗಿನ ದಾರಿಯಲ್ಲಿ, ಪಿಸಿಐಇ 4.0 ಆದರೂ, ಹೆಚ್ಚೆಂದರೆ ಸುಮಾರು 32 ಜಿಬಿ. ಇಲ್ಲಿ ಪರಿಹಾರ ಟೆಕ್ಸ್ಚರ್ ಗುಣಮಟ್ಟದ ಸೆಟ್ಟಿಂಗ್‌ನಲ್ಲಿದೆ. 4096×4096 ಅಳತೆಯ ಟೆಕ್ಸ್ಚರ್ ಸಂಕುಚಿತ ರೂಪದಲ್ಲಿ ಸಾಮಾನ್ಯವಾಗಿ 16 ಎಂಬಿ ತಿಂದರೆ, 2048×2048 ಅಳತೆಯದು 4 ಎಂಬಿ ಮಾತ್ರ. ಒಂದು ಮೆಟ್ಟಿಲು ಇಳಿದರೆ ಜಾಗ ಕಾಲು ಭಾಗವಾಗುತ್ತದೆ, 640×360ರ ವಿಂಡೋದಲ್ಲಿ ವ್ಯತ್ಯಾಸ ಕಣ್ಣಿಗೆ ಕಾಣುವುದೇ ಇಲ್ಲ.

ಪ್ರೊಸೆಸರಿನ ವಿಷಯದಲ್ಲಿ ಮಲ್ಟಿಬಾಕ್ಸಿಂಗ್ ಮಾಡುವವರು ಒಂದು ಬಗೆಯಲ್ಲಿ ಅದೃಷ್ಟವಂತರು. ಒಂದು ಆಟವನ್ನು ಹಲವು ಕೋರ್‌ಗಳಿಗೆ ಹಂಚುವುದು ಕಷ್ಟ. ಬಹಳಷ್ಟು ಆಟಗಳಲ್ಲಿ ಮುಖ್ಯ ಕೆಲಸವೆಲ್ಲ ಒಂದೇ ಥ್ರೆಡ್ಡಿನ, ಅಂದರೆ ಒಂದರ ಹಿಂದೊಂದು ನಡೆಯುವ ಆದೇಶಗಳ ಒಂದೇ ಸಾಲಿನ, ಮೇಲೆ ಬೀಳುತ್ತದೆ, ಉಳಿದ ಕೋರ್‌ಗಳು ಅರ್ಧ ಸುಮ್ಮನಿರುತ್ತವೆ. ಆರು ಕ್ಲೈಂಟ್ ಎಂದರೆ ಒಂದಕ್ಕೊಂದು ಕಾಯಬೇಕಿಲ್ಲದ ಆರು ಸ್ವತಂತ್ರ ಕೆಲಸಗಳು. ಅವು ಆರು ಕೋರ್‌ಗಳಿಗೆ ತಾವಾಗಿ ಹರಡಿಕೊಳ್ಳುತ್ತವೆ. ಒಂದೇ ಆಟ ಆಡುವವರು ಕೋರ್‌ನ ವೇಗ ನೋಡಿ ಪ್ರೊಸೆಸರ್ ಆರಿಸಿದರೆ, ಇವರು ಕೋರ್‌ಗಳ ಸಂಖ್ಯೆಯನ್ನೂ ನೋಡಬೇಕು.

ಟಾಸ್ಕ್ ಮ್ಯಾನೇಜರಿನ ಅಂಕಿಯನ್ನು ಓದುವಾಗಲೂ ಎಚ್ಚರ ಬೇಕು. ಎಂಟು ಥ್ರೆಡ್ಡಿನ ಪ್ರೊಸೆಸರಿನಲ್ಲಿ ಒಂದು ಥ್ರೆಡ್ ಪೂರ್ತಿ ದಣಿದಿದ್ದರೂ ಒಟ್ಟು ಬಳಕೆ ಶೇ 12.5 ಎಂದೇ ಕಾಣುತ್ತದೆ. ‘ಪ್ರೊಸೆಸರ್ ಖಾಲಿ ಇದೆ, ತಪ್ಪು ಗ್ರಾಫಿಕ್ಸ್ ಕಾರ್ಡಿನದು’ ಎಂಬ ತೀರ್ಮಾನ ಹುಟ್ಟುವುದು ಹೀಗೆ. ಗ್ರಾಫ್ ಮೇಲೆ ಬಲ ಗುಂಡಿ ಒತ್ತಿ ಪ್ರತಿ ಥ್ರೆಡ್ಡನ್ನೂ ಬೇರೆಯಾಗಿ ತೋರಿಸುವಂತೆ ಮಾಡಿದರೆ ನಿಜ ಸಂಗತಿ ಕಾಣಿಸುತ್ತದೆ.

ಯಾವ ಕ್ಲೈಂಟ್ ಯಾವ ಕೋರಿನಲ್ಲಿ ಓಡಬೇಕು ಎಂದು ಕೈಯಾರೆ ಕಟ್ಟಿಹಾಕುವ ‘ಅಫಿನಿಟಿ’ ಸೆಟ್ಟಿಂಗಿನ ಮೇಲೆ ಹಲವರಿಗೆ ದೊಡ್ಡ ನಂಬಿಕೆ. ಎಲ್ಲ ಕೋರ್‌ಗಳೂ ಸಮನಾಗಿರುವ ಪ್ರೊಸೆಸರಿನಲ್ಲಿ ಆ ಹಂಚಿಕೆಯನ್ನು ವಿಂಡೋಸಿಗೇ ಬಿಡುವುದು ವಾಸಿ. ಇಲ್ಲವಾದರೆ ಒಂದು ಕೋರಿನಲ್ಲಿ ಎರಡು ಕ್ಲೈಂಟ್ ನೂಕಾಡುತ್ತ, ಪಕ್ಕದ ಕೋರ್ ಬಿಡುವಾಗಿ ಕೂತಿರುತ್ತದೆ. ಕೋರ್‌ಗಳು ಸಮನಲ್ಲದ ಕಡೆ ಮಾತ್ರ ಪರೀಕ್ಷಿಸಿ ನೋಡಬಹುದು. ಇಂಟೆಲ್ 2021ರಲ್ಲಿ ತಂದ 12ನೇ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರುಗಳಲ್ಲಿ, ಮೇಲಿನ ದರ್ಜೆಯ ಮಾದರಿಗಳಿಗೆ ದೊಡ್ಡ ಕೋರ್, ಚಿಕ್ಕ ಕೋರ್ ಎಂಬ ಎರಡು ವರ್ಗಗಳಿವೆ. ಎಎಮ್‌ಡಿಯ ರೈಜನ್ 9 7950ಎಕ್ಸ್3ಡಿ ಪ್ರೊಸೆಸರಿನ ಹದಿನಾರು ಕೋರ್‌ಗಳಲ್ಲಿ ಎಂಟಕ್ಕೆ ಮಾತ್ರ ಹೆಚ್ಚುವರಿ ಕ್ಯಾಶ್ ಮೆಮೊರಿ ಸಿಗುತ್ತದೆ. ಇಂಥಲ್ಲಿ ಮುಂದಿನ ವಿಂಡೋಗೆ ಬಲವಾದ ಕೋರ್‌ಗಳನ್ನು ಕಾದಿರಿಸುವುದರಲ್ಲಿ ಅರ್ಥವಿದೆ.

ಡಿಸ್ಕಿನ ಹೊರೆ ಹೆಚ್ಚಾಗಿ ಕಾಣುವುದು ಆಟ ತೆರೆಯುವಾಗ. ಆರನ್ನೂ ಒಟ್ಟಿಗೆ ತೆರೆಯದೆ, ಒಂದು ಪೂರ್ತಿ ಒಳಹೊಕ್ಕ ಮೇಲೆ ಇನ್ನೊಂದನ್ನು ತೆರೆದರೆ ಮೊದಲನೆಯದು ಓದಿದ ಫೈಲುಗಳು ರ‍್ಯಾಮಿನಲ್ಲೇ ಸಿಗುತ್ತವೆ. ಈವ್ ತನ್ನ ಫೈಲುಗಳನ್ನು ಬೇಕಾದಾಗ ಇಂಟರ್ನೆಟ್ಟಿನಿಂದ ಇಳಿಸಿಕೊಳ್ಳುವ ಪದ್ಧತಿಯ ಆಟ. ಎಲ್ಲವನ್ನೂ ಮೊದಲೇ ಇಳಿಸಿಟ್ಟುಕೊಳ್ಳುವ ಆಯ್ಕೆಯನ್ನು ಬಳಸಿದರೆ ಕದನದ ನಡುವೆ ಚಿತ್ರಕ್ಕಾಗಿ ಕಾಯುವ ಪ್ರಸಂಗ ಬಾರದು. ಹಿನ್ನೆಲೆಯ ಕ್ಲೈಂಟ್‌ಗಳ ಧ್ವನಿಯನ್ನು ಆಟದ ಸೆಟ್ಟಿಂಗಿನಲ್ಲೇ ನಿಲ್ಲಿಸುವುದೂ ಸಣ್ಣದಾದರೂ ಖಚಿತವಾದ ಉಳಿತಾಯ.

ಕರ್ನಾಟಕದ ಆಟಗಾರರಿಗೆ, ಅದರಲ್ಲೂ ಲ್ಯಾಪ್‌ಟಾಪಿನಲ್ಲಿ ಆಡುವವರಿಗೆ, ಬಿಸಿಯ ಪ್ರಶ್ನೆ ದೊಡ್ಡದು. ಲ್ಯಾಪ್‌ಟಾಪಿನ ಪ್ರೊಸೆಸರುಗಳು 95ರಿಂದ 100 ಡಿಗ್ರಿಯ ಆಸುಪಾಸಿಗೆ ಬಂದಾಗ ತಮ್ಮನ್ನು ಕಾಪಾಡಿಕೊಳ್ಳಲು ವೇಗ ಇಳಿಸುತ್ತವೆ. ಕೋಣೆ 25 ಡಿಗ್ರಿ ಇರುವಾಗ ತಡೆದುಕೊಂಡ ಹೊರೆಯನ್ನೇ ಕಲಬುರಗಿ, ರಾಯಚೂರಿನ ಮೇ ತಿಂಗಳ 40 ಡಿಗ್ರಿಯಲ್ಲಿ ಹೊರಿಸಿದರೆ ಆ ಹದಿನೈದು ಡಿಗ್ರಿ ಬಹುಮಟ್ಟಿಗೆ ನೇರವಾಗಿ ಪ್ರೊಸೆಸರಿನ ಲೆಕ್ಕಕ್ಕೆ ಸೇರುತ್ತದೆ. ಆಟ ಮೊದಲ ಹತ್ತು ನಿಮಿಷ ಚೆನ್ನಾಗಿ ಓಡಿ ಆಮೇಲೆ ಜಗ್ಗತೊಡಗಿದರೆ ಮೊದಲು ಅನುಮಾನಿಸಬೇಕಾದ್ದು ಬಿಸಿಯನ್ನೇ. ಫ್ಯಾನಿನ ಧೂಳು ತೆಗೆಸುವುದು, ಲ್ಯಾಪ್‌ಟಾಪಿನ ಹಿಂಬದಿಯನ್ನು ಕೊಂಚ ಎತ್ತರಿಸಿ ಗಾಳಿಗೆ ದಾರಿ ಮಾಡುವುದು ಅಗ್ಗದ, ಆದರೆ ನಿಜವಾಗಿ ಫಲ ಕೊಡುವ ಕ್ರಮಗಳು. ಫ್ರೇಮ್ ಮಿತಿ ಇಲ್ಲೂ ನೆರವಾಗುತ್ತದೆ. ಬರೆಯದ ಚಿತ್ರದಿಂದ ಬಿಸಿ ಹುಟ್ಟುವುದಿಲ್ಲ.

ಕಂಪ್ಯೂಟರಿನ ತಪ್ಪೇ ಅಲ್ಲದ ನಿಧಾನವೂ ಇದೆ. ಈವ್‌ನ ಸರ್ವರ್ ಇರುವುದು ಲಂಡನ್ನಿನಲ್ಲಿ. ಬೆಂಗಳೂರಿನಿಂದ ಅಲ್ಲಿಗೆ ನೇರ ದೂರವೇ ಸುಮಾರು 8,000 ಕಿಲೋಮೀಟರ್. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಸಾಗುತ್ತದೆ. ಹೋಗಿ ಬರಲು 80 ಮಿಲಿಸೆಕೆಂಡ್ ಬೇಕೇ ಬೇಕು. ಕೇಬಲ್‌ಗಳು ಸುತ್ತಿ ಬಳಸಿ ಹೋಗುವುದರಿಂದ ವಾಸ್ತವದಲ್ಲಿ ಇನ್ನೂ ಹೆಚ್ಚು. ಎಂಥ ಕಾರ್ಡ್ ತಂದು ಹಾಕಿದರೂ ಇದು ಇಳಿಯದು. ಆರು ಕ್ಲೈಂಟ್‌ಗಳು ಬಳಸುವ ಡೇಟಾ ಕಡಿಮೆಯೇ. ಮನೆಯಲ್ಲಿ ಇನ್ನೊಬ್ಬರು ದೊಡ್ಡ ಫೈಲ್ ಇಳಿಸುತ್ತಿದ್ದರೆ ಮಾತ್ರ ಆಟದ ಪುಟ್ಟ ಸಂದೇಶಗಳು ರೌಟರಿನಲ್ಲಿ ಸಾಲಿನಲ್ಲಿ ನಿಂತು ಕಾಯಬೇಕಾಗುತ್ತದೆ.

ಸರ್ವರ್ ಕೂಡ ಸೋಲುತ್ತದೆ. 2014ರ ಜನವರಿ 27ರಂದು ಈವ್‌ನ ಬಿ-ಆರ್5ಆರ್‌ಬಿ ಎಂಬ ನಕ್ಷತ್ರ ವ್ಯವಸ್ಥೆಯಲ್ಲಿ ಶುರುವಾದ ಕದನ ಸುಮಾರು 21 ಗಂಟೆ ನಡೆಯಿತು. ಭಾಗವಹಿಸಿದವರು 7,548 ಮಂದಿ, ಅತಿ ದೊಡ್ಡ ವರ್ಗದ ‘ಟೈಟನ್’ ಹಡಗುಗಳು ನಾಶವಾದದ್ದು 75. ಇಂಥ ದಟ್ಟಣೆಯಲ್ಲಿ ಸರ್ವರ್ ಕುಸಿಯದಿರಲಿ ಎಂದು ಸಿಸಿಪಿ ‘ಟೈಮ್ ಡೈಲೇಷನ್’ ಎಂಬ ವ್ಯವಸ್ಥೆ ಮಾಡಿದೆ: ಹೊರೆ ಮಿತಿ ಮೀರಿದಾಗ ಆ ಪ್ರದೇಶದಲ್ಲಿ ಆಟದ ಕಾಲವೇ ಸಾಮಾನ್ಯ ವೇಗದ ಹತ್ತನೇ ಒಂದು ಭಾಗದವರೆಗೂ ನಿಧಾನವಾಗುತ್ತದೆ. ಪರದೆಯ ಮೇಲೆ ಫ್ರೇಮ್ ಸಂಖ್ಯೆ ಚೆನ್ನಾಗಿದ್ದು ಹಡಗು ಮಾತ್ರ ಮಿಸುಕದಿದ್ದರೆ ನಿಧಾನ ಅಲ್ಲಿಂದ ಬಂದದ್ದು. ಫ್ರೇಮ್ ಸಂಖ್ಯೆಯೇ ಬಿದ್ದಿದ್ದರೆ ಮನೆಯ ಯಂತ್ರದ್ದು.

ವೇಗದ ಹಂಬಲದಲ್ಲಿ ನಿಯಮ ಮರೆತವರು ಖಾತೆಯನ್ನೇ ಕಳೆದುಕೊಂಡ ಉದಾಹರಣೆಗಳಿವೆ. ಹಲವು ಖಾತೆಗಳನ್ನು ಒಟ್ಟಿಗೆ ನಡೆಸುವುದಕ್ಕೆ ಈವ್‌ನಲ್ಲೂ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನಲ್ಲೂ ಅನುಮತಿ ಇದೆ. ಒಂದು ಕೀ ಒತ್ತಿದರೆ ಎಲ್ಲ ವಿಂಡೋಗಳಿಗೂ ಆದೇಶ ಹೋಗುವಂತೆ ಮಾಡುವ ತಂತ್ರಾಂಶಕ್ಕೆ ಇಲ್ಲ. ಈವ್‌ನಲ್ಲಿ 2015ರ ಜನವರಿ 1ರಿಂದ ಅದು ನಿಷಿದ್ಧ. ವಾರ್‌ಕ್ರಾಫ್ಟ್‌ನ ಬ್ಲಿಜರ್ಡ್ 2020ರ ನವೆಂಬರಿನಲ್ಲಿ ಅಂಥದೇ ನಿರ್ಬಂಧ ತಂದಿತು. ಈವ್‌ನ ಉಚಿತ ‘ಆಲ್ಫಾ’ ಖಾತೆಯನ್ನು ಇನ್ನೊಂದು ಖಾತೆಯ ಜೊತೆ ಏಕಕಾಲಕ್ಕೆ ತೆರೆಯುವಂತೆಯೂ ಇಲ್ಲ. ಆರು ವಿಂಡೋ ಎಂದರೆ ಆರು ಚಂದಾ, ಆರು ಸಲ ಕ್ಲಿಕ್. ಹೀಗಿರುವಾಗ ಒಂದು ವಿಂಡೋದಿಂದ ಇನ್ನೊಂದಕ್ಕೆ ತಡೆಯಿಲ್ಲದೆ ದಾಟುವುದೇ ಮುಖ್ಯ. ಹಿಂದಿನ ವಿಂಡೋಗಳಲ್ಲಿ ಎಷ್ಟು ಫ್ರೇಮ್ ಬರುತ್ತಿದೆ ಎಂಬುದಕ್ಕೆ ಬೆಲೆಯಿಲ್ಲ.

ಇಷ್ಟೆಲ್ಲ ಮಾಡಿದ ಮೇಲೂ ಯಂತ್ರ ಸಾಲದಿದ್ದರೆ ಖರೀದಿಯ ಮಾತು. ಬಹಳಷ್ಟು ಲ್ಯಾಪ್‌ಟಾಪುಗಳು 8 ಜಿಬಿಯ ಒಂದೇ ರ‍್ಯಾಮ್ ಪಟ್ಟಿಯೊಂದಿಗೆ ಮಾರಾಟವಾಗುತ್ತವೆ. ಖಾಲಿ ಸ್ಲಾಟ್ ಇದ್ದರೆ ಅಂಥದೇ ಇನ್ನೊಂದನ್ನು ಹಾಕಿಸುವುದರಿಂದ ಜಾಗ ಎರಡರಷ್ಟಾಗುತ್ತದೆ. ಜೊತೆಗೆ ಡಿಡಿಆರ್4-3200 ಆದರೆ ಸೆಕೆಂಡಿಗೆ 25.6 ಜಿಬಿ ಇದ್ದ ಸಾಗಣೆಯ ಸಾಮರ್ಥ್ಯ 51.2 ಜಿಬಿಗೆ ಏರುತ್ತದೆ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದವರಿಗಂತೂ ಇದರ ಲಾಭ ಎದ್ದು ಕಾಣುತ್ತದೆ, ಏಕೆಂದರೆ ಅಲ್ಲಿ ಚಿತ್ರ ಬರೆಯುವುದಕ್ಕೂ ಅದೇ ರ‍್ಯಾಮ್. ಹಾರ್ಡ್ ಡಿಸ್ಕಿನಿಂದ ಎಸ್‌ಎಸ್‌ಡಿಗೆ ಬದಲಾಗುವುದು ಎರಡನೆಯದು. ಪ್ರೊಸೆಸರ್ ಅಥವಾ ಕಾರ್ಡ್ ಬದಲಾಯಿಸಬೇಕೇ ಎಂಬುದನ್ನು ಅಳತೆಯೇ ಹೇಳಬೇಕು: ಫ್ರೇಮ್ ಮಿತಿ ಹಾಕಿ, ಎಲ್ಲ ವಿಂಡೋ ತೆರೆದು, ಆಟದ ಒಂದೇ ಸ್ಥಳದಲ್ಲಿ ನಿಂತು ಥ್ರೆಡ್ಡುಗಳ ಗ್ರಾಫ್, ಕಾರ್ಡಿನ ಬಳಕೆ, ಯಂತ್ರದ ರ‍್ಯಾಮ್, ಕಾರ್ಡಿನ ಮೆಮೊರಿ, ಬಿಸಿ ಇವನ್ನು ಗುರುತು ಹಾಕಿಕೊಳ್ಳಬೇಕು. ಇವುಗಳಲ್ಲಿ ಯಾವುದು ಮೊದಲು ತುಂಬುತ್ತದೆಯೋ ಅದಕ್ಕೆ ಮಾತ್ರ ಹಣ ಹಾಕಬೇಕು. ಆಟಕ್ಕೆ ದೊಡ್ಡ ಅಪ್‌ಡೇಟ್ ಬಂದಾಗ ಅದೇ ಜಾಗದಲ್ಲಿ ನಿಂತು ಅದೇ ಅಳತೆಯನ್ನು ಇನ್ನೊಮ್ಮೆ ಮಾಡಬೇಕು. ಈವ್ 2020ರಲ್ಲಿ 32 ಬಿಟ್ ಕ್ಲೈಂಟನ್ನು ಕೈಬಿಟ್ಟು 64 ಬಿಟ್ಟಿಗೆ ಮಾತ್ರ ಸೀಮಿತವಾದಾಗ, ಒಂದು ಕ್ಲೈಂಟಿಗಿದ್ದ 4 ಜಿಬಿಯ ಮೇಲ್ಮಿತಿ ಇಲ್ಲವಾಯಿತು. ಹಳೆಯ ಟಿಪ್ಪಣಿಯಲ್ಲಿದ್ದ ರ‍್ಯಾಮಿನ ಲೆಕ್ಕವನ್ನು ಆಗ ಹೊಸದಾಗಿ ಬರೆಯಲೇಬೇಕಿತ್ತು.